ಹಳೇ ದೆವ್ವ, ಹೊಸ ಪ್ರೇಕ್ಷಕ

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಲದ ವಿಷಯ: ಹೆಸರಾಂತ ಹಳೆಯ ಹಾರರ್ ಚಿತ್ರಗಳ ರಿಮೇಕ್.

ಪ್ರಶ್ನೆ: ಒಂದು ಕಾಲದಲ್ಲಿ ಜನರನ್ನು ನಡುಗಿಸಿದ ಚಿತ್ರಗಳನ್ನು ಮತ್ತೆ ಮತ್ತೆ ತೆಗೆಯುವುದೇಕೆ? ಚೆನ್ನಾಗಿರುವುದನ್ನು ಹಾಗೇ ಬಿಡಬಾರದೇ?

ಉತ್ತರ: ಚೆನ್ನಾಗಿರುವುದನ್ನು ಬಿಡಬೇಕು. ಅರ್ಧ ಚೆನ್ನಾಗಿರುವುದನ್ನು ಬಿಡಬಾರದು. ಗೆದ್ದ ಹಾರರ್ ರಿಮೇಕ್‌ಗಳನ್ನು ಸಾಲಾಗಿಟ್ಟು ನೋಡಿ. ಫಿಲಿಪ್ ಕಾಫ್ಮನ್ ತೆಗೆದ 'ಇನ್ವೇಶನ್ ಆಫ್ ದ ಬಾಡಿ ಸ್ನ್ಯಾಚರ್ಸ್' (1978), ಜಾನ್ ಕಾರ್ಪೆಂಟರ್ ಅವರ 'ದ ಥಿಂಗ್' (1982), ಡೇವಿಡ್ ಕ್ರೋನೆನ್‌ಬರ್ಗ್ ಅವರ 'ದ ಫ್ಲೈ' (1986). ಮೂರರ ಮೂಲವೂ 1950ರ ದಶಕದ್ದು. ಮೂರರಲ್ಲೂ ಕಲ್ಪನೆ ದೊಡ್ಡದಿತ್ತು. ಅದನ್ನು ಕೊನೇತನಕ ಒಯ್ಯಲು ಆಗಿನ ತಂತ್ರಕ್ಕೆ ಶಕ್ತಿ ಇರಲಿಲ್ಲ, ಇಲ್ಲವೇ ಸ್ಟುಡಿಯೋಗೆ ಧೈರ್ಯ ಇರಲಿಲ್ಲ. ಅನ್ಯಗ್ರಹದಿಂದ ಬಂದದ್ದು ಒಬ್ಬೊಬ್ಬರನ್ನೇ ಇಲ್ಲವಾಗಿಸಿ ಅವರ ಜಾಗಕ್ಕೆ ಅವರದೇ ನಕಲನ್ನು ಇಡುವ 1956ರ 'ಬಾಡಿ ಸ್ನ್ಯಾಚರ್ಸ್'ಗೆ ಸ್ಟುಡಿಯೋ ಹಿಂದೊಂದು ಮುಂದೊಂದು ದೃಶ್ಯ ಅಂಟಿಸಿ, ಇನ್ನೇನು ಸಹಾಯ ಬಂತು ಎಂಬಂತೆ ಮುಗಿಸಿತು. ಕಾಫ್ಮನ್ ಆ ಸಮಾಧಾನವನ್ನು ಕಿತ್ತುಹಾಕಿದರು. ಮೂಲದಲ್ಲಿ ಸಣ್ಣ ಊರಿನಲ್ಲಿ ನಡೆದ ಕಥೆಯನ್ನು ಮಹಾನಗರಕ್ಕೆ ತಂದರು. ಪಕ್ಕದವನು ಬದಲಾಗಿದ್ದಾನೆ ಎಂದು ಸಣ್ಣ ಊರಿನಲ್ಲಿ ತಕ್ಷಣ ಗೊತ್ತಾಗುತ್ತದೆ. ಮಹಾನಗರದಲ್ಲಿ ಅವನು ಮೊದಲು ಹೇಗಿದ್ದ ಎಂಬುದೇ ಯಾರಿಗೂ ಗೊತ್ತಿರುವುದಿಲ್ಲ. ಕಥೆ ಅದೇ, ಹೆದರಿಕೆ ಬೇರೆ.

'ದ ಥಿಂಗ್' ವಿಷಯದಲ್ಲಿ ಇನ್ನೂ ಸ್ಪಷ್ಟ. ಮೂಲ ಕಥೆ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ 1938ರಲ್ಲಿ ಬರೆದದ್ದು: ಹಿಮದ ನಡುವಿನ ಸಂಶೋಧನಾ ಕೇಂದ್ರದಲ್ಲಿ ಸಿಕ್ಕಿದ ಜೀವಿಗೆ ಯಾವ ಮನುಷ್ಯನ ರೂಪವನ್ನಾದರೂ ತಾಳುವ ಶಕ್ತಿ. 1951ರ ಚಿತ್ರಕ್ಕೆ ಅದನ್ನು ತೋರಿಸುವ ದಾರಿ ಇರಲಿಲ್ಲ. ಹಾಗಾಗಿ ಆ ಶಕ್ತಿಯನ್ನೇ ಕೈಬಿಟ್ಟು, ಸಸ್ಯಜಾತಿಯ ಒಬ್ಬ ದೈತ್ಯನನ್ನು ತಂದರು. ಚಿತ್ರ ಚುರುಕಾಗಿದೆ, ಆದರೆ ಶತ್ರು ಯಾರೆಂದು ಎಲ್ಲರಿಗೂ ಗೊತ್ತು. ಕಾರ್ಪೆಂಟರ್ ಹಳೆಯ ಚಿತ್ರವನ್ನು ಬಿಟ್ಟು ಕ್ಯಾಂಪ್‌ಬೆಲ್ ಕಥೆಗೆ ಮರಳಿದರು. ಕಾದ ತಂತಿಯನ್ನು ಒಬ್ಬೊಬ್ಬರ ರಕ್ತಕ್ಕೂ ಅದ್ದಿ ಪರೀಕ್ಷಿಸುವ ದೃಶ್ಯ ಅಲ್ಲಿಂದಲೇ ಬಂದದ್ದು. ರಿಮೇಕ್ ಮಾಡಹೊರಟವರು ಮೊದಲು ನೋಡಬೇಕಾದ್ದು ಇದನ್ನೇ: ಮೂಲ ಚಿತ್ರ ತನ್ನ ಕಥೆಯಲ್ಲಿ ಏನನ್ನು ಮಾಡದೇ ಬಿಟ್ಟಿದೆ? ಏನೂ ಬಿಟ್ಟಿಲ್ಲ ಎಂದಾದರೆ ಕೈಮುಗಿದು ಮುಂದಿನ ಚಿತ್ರ ಹುಡುಕಿ.

ಅಂದಹಾಗೆ, ಗೆದ್ದ ರಿಮೇಕ್ ಎಂದರೆ ಬಿಡುಗಡೆಯ ವಾರವೇ ಗೆದ್ದದ್ದು ಎಂದಲ್ಲ. 'ದ ಥಿಂಗ್' ತೆರೆಗೆ ಬಂದಿದ್ದು 1982ರ ಜೂನ್ 25ಕ್ಕೆ. ಎರಡು ವಾರ ಮೊದಲು ಬಂದಿದ್ದ, ಮುದ್ದಾದ ಅನ್ಯಗ್ರಹಜೀವಿಯ 'ಇ.ಟಿ.'ಗೆ ಜನ ಮುಗಿಬಿದ್ದಿದ್ದರು. ಕಾರ್ಪೆಂಟರ್ ಚಿತ್ರವನ್ನು ವಿಮರ್ಶಕರು ಬೈದರು, ಗಲ್ಲಾಪೆಟ್ಟಿಗೆಯೂ ಕೈಹಿಡಿಯಲಿಲ್ಲ. ಹೆಸರು ಬಂದದ್ದು ವಿಡಿಯೋ ಕ್ಯಾಸೆಟ್ ಕಾಲದಲ್ಲಿ.

ಪ್ರಶ್ನೆ: 1998ರ 'ಸೈಕೋ' ಹಿಚ್‌ಕಾಕ್ ಚಿತ್ರದ ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ನಕಲು. ಅಷ್ಟು ನಿಷ್ಠೆಯಿಂದ ತೆಗೆದರೂ ಹೆದರಿಕೆ ಏಕೆ ಹುಟ್ಟಲಿಲ್ಲ?

ಉತ್ತರ: ಶಾಟ್‌ಗಳನ್ನು ನಕಲು ಮಾಡಬಹುದು, ಪ್ರೇಕ್ಷಕರಿಗೆ ಏನು ಗೊತ್ತಿಲ್ಲ ಎಂಬುದನ್ನು ನಕಲು ಮಾಡಲಾಗದು. 1960ರಲ್ಲಿ ಜನ ಜಾನೆಟ್ ಲೀ ಎಂಬ ತಾರೆಯ ಚಿತ್ರ ನೋಡಲು ಹೋದರು. ಹಣ ಕದ್ದು ಓಡುವ ಹೆಣ್ಣಿನ ಕಥೆ ಎಂದುಕೊಂಡು ಕೂತರು. 109 ನಿಮಿಷದ ಚಿತ್ರದಲ್ಲಿ ಸುಮಾರು ಮುಕ್ಕಾಲು ಗಂಟೆಗೇ ಸ್ನಾನದ ಕೋಣೆಯಲ್ಲಿ ಆಕೆಯ ಕೊಲೆ. ಅಲ್ಲಿಂದ ಮುಂದೆ ಯಾರನ್ನು ನಂಬಿ ಕೂರಬೇಕೆಂದೇ ತಿಳಿಯದು. ಈ ಪೆಟ್ಟು ಹಾಳಾಗಬಾರದೆಂದೇ, ಪ್ರದರ್ಶನ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಎಂದು ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಕಟ್ಟುನಿಟ್ಟು ಮಾಡಿಸಿದ್ದರು. 1998ರ ಪ್ರೇಕ್ಷಕ ಸ್ನಾನದ ಕೋಣೆಯ ದೃಶ್ಯಕ್ಕಾಗಿ ಕಾದು ಕೂತಿದ್ದ. ಕಾಯುವವನನ್ನು ಬೆಚ್ಚಿಬೀಳಿಸುವುದು ಹೇಗೆ?

ಎರಡನೆಯ ಕಾರಣ ಬಣ್ಣ. ಮೂಲ ಚಿತ್ರ ಸುಮಾರು 8 ಲಕ್ಷ ಡಾಲರಿನಲ್ಲಿ, ಬಹುಪಾಲು ಹಿಚ್‌ಕಾಕ್ ಅವರ ಟಿ.ವಿ. ಸರಣಿಯ ತಂಡದಿಂದ, ಕಪ್ಪುಬಿಳುಪಿನಲ್ಲಿ ತಯಾರಾದದ್ದು. ರಕ್ತವಾಗಿ ಹರಿದದ್ದು ಚಾಕೊಲೇಟ್ ಸಿರಪ್. ಬಿಳಿ ಟೈಲ್ಸ್ ಮೇಲೆ ಅದು ಕಪ್ಪಗೆ ಕಂಡಾಗ ಉಳಿದದ್ದನ್ನು ನೋಡುವವರ ಮನಸ್ಸೇ ತುಂಬಿಕೊಂಡಿತು. ಅದೇ ಚೌಕಟ್ಟಿನಲ್ಲಿ ಕೆಂಪು ಬಂದಾಗ ಅದು ಬರೀ ಕೆಂಪು. ಮೂರನೆಯದು ನಟನೆ. ಮೂಲದಲ್ಲಿ ಕೊಲೆಗಾರನ ಪಾತ್ರದ ಆಂಥೊನಿ ಪರ್ಕಿನ್ಸ್ ಸಂಕೋಚದ, ಸಣಕಲು ಹುಡುಗನಾಗಿ ಕಂಡರು, ಅನುಮಾನ ಬರಲಿಲ್ಲ. 1998ರಲ್ಲಿ ಅದೇ ಪಾತ್ರ ಮಾಡಿದ ವಿನ್ಸ್ ವಾನ್ ದೇಹ ದೊಡ್ಡದು, ಬಾಗಿಲಲ್ಲಿ ನಿಂತರೇ ಅನುಮಾನ ಬರುತ್ತದೆ.

ನಿರ್ದೇಶಕ ಗಸ್ ವಾನ್ ಸ್ಯಾಂಟ್ ಮಾಡಿದ್ದನ್ನು ದುಬಾರಿ ಪ್ರಯೋಗ ಎನ್ನಬಹುದು, ವ್ಯರ್ಥ ಎನ್ನಲಾಗದು. ಹಾರರ್ ಇರುವುದು ಶಾಟ್‌ಗಳ ಪಟ್ಟಿಯಲ್ಲಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಕ್ಕುವುದಿಲ್ಲ. ಚಿತ್ರಕಥೆ ಕಲಿಯುವವರು ಎರಡನ್ನೂ ಒಂದೇ ದಿನ ನೋಡಬೇಕು.

ಪ್ರಶ್ನೆ: ಮನೆಯ ಹುಡುಗರಿಗೆ 1922ರ 'ನೊಸ್ಫೆರಾಟು' ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಇಂಥ ಚಿತ್ರಕ್ಕಾದರೂ ರಿಮೇಕ್ ಬೇಕಲ್ಲವೇ?

ಉತ್ತರ: ಯಾವ ಪ್ರತಿ ತೋರಿಸಿದಿರಿ ಎಂಬುದು ಮೊದಲ ಪ್ರಶ್ನೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಪ್ರತಿಗಳಲ್ಲಿ ಎರಡು ದೋಷ ಸಾಮಾನ್ಯ.

ಒಂದು, ವೇಗ. ಮೂಕಿ ಚಿತ್ರಗಳ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ 16ರಿಂದ 20 ಫ್ರೇಮ್ ಆಸುಪಾಸು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಮೂರನೇ ಒಂದು ಪಾಲು ಬೇಗ ನಡೆಯುತ್ತದೆ. ಪಿಶಾಚಿ ಪುಟಪುಟನೆ ಓಡಿದರೆ ಯಾರಾದರೂ ನಗುತ್ತಾರೆ.

ಎರಡು, ಬಣ್ಣ. ಆ ಚಿತ್ರದ ರಾತ್ರಿಯ ಹೊರಾಂಗಣ ದೃಶ್ಯಗಳನ್ನು ಹಗಲಿನಲ್ಲೇ ತೆಗೆದು, ಪ್ರಿಂಟಿಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಎಂದರೆ ರಾತ್ರಿ ಎಂದು ಆಗಿನ ಪ್ರೇಕ್ಷಕರಿಗೆ ಗೊತ್ತಿತ್ತು. ಬಣ್ಣವಿಲ್ಲದ ಪ್ರತಿಯಲ್ಲಿ, ಬಿಸಿಲು ಬಿದ್ದರೆ ಸಾಯುವ ಪಿಶಾಚಿ ಹಾಡುಹಗಲೇ ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ತಿರುಗುತ್ತಾನೆ! ಹುಡುಗರ ನಗು ನ್ಯಾಯವಾದದ್ದೇ. ಬಣ್ಣವನ್ನೂ ವೇಗವನ್ನೂ ಸರಿಪಡಿಸಿ ಪುನರುಜ್ಜೀವನಗೊಳಿಸಿದ ಪ್ರತಿಗಳಿವೆ, ಅವನ್ನು ಹುಡುಕಿ.

ಇನ್ನು ಟಿ.ವಿ. ಹೊಸ ಟಿ.ವಿ.ಗಳಲ್ಲಿ ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯ ತಾನಾಗೇ ಚಾಲೂ ಇರುತ್ತದೆ, ಕಂಪನಿಗೊಂದು ಹೆಸರು. ಅದು ಎರಡು ಫ್ರೇಮ್ ನಡುವೆ ಇಲ್ಲದ ಫ್ರೇಮನ್ನು ಹುಟ್ಟಿಸಿ ಸಿನಿಮಾವನ್ನು ಧಾರಾವಾಹಿ ಮಾಡುತ್ತದೆ. ಅದನ್ನು ಆಫ್ ಮಾಡಿ. ಕಪ್ಪನ್ನು ತಾನೇ ಏರಿಳಿಸುವ 'ಡೈನಮಿಕ್ ಕಾಂಟ್ರಾಸ್ಟ್' ಕೂಡ ಆಫ್ ಮಾಡಿ, ಹಾರರ್‌ನಲ್ಲಿ ನೆರಳೇ ಬಂಡವಾಳ. 4:3 ಅಳತೆಯ, ಅಂದರೆ ಹೆಚ್ಚುಕಡಿಮೆ ಚೌಕಾಕಾರದ, ಚಿತ್ರವನ್ನು ತೆರೆ ತುಂಬುವಂತೆ ಎಳೆಯಬೇಡಿ, ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ. ಕೋಣೆಯ ದೀಪ ಆರಿಸಿ, ಮೊಬೈಲ್ ಹೊರಗಿಡಿಸಿ. ಇಷ್ಟಾದ ಮೇಲೂ ನಕ್ಕರೆ ಆಗ ರಿಮೇಕ್ ಮಾತಾಡೋಣ.

ಮಾತನಾಡಲು ವಿಷಯವೂ ಇದೆ. ವರ್ನರ್ ಹರ್ಜೋಗ್ 1979ರಲ್ಲಿ, ರಾಬರ್ಟ್ ಎಗರ್ಸ್ 2024ರಲ್ಲಿ ಇದೇ ಕಥೆಯನ್ನು ಮತ್ತೆ ತೆಗೆದರು. ಎರಡೂ ಮುರ್ನೌ ತೆಗೆದ 1922ರ ಮೂಲ ಚಿತ್ರವನ್ನು ಬದಿಗೆ ಸರಿಸಲು ಹೋಗದೆ, ಅದನ್ನು ನೋಡಿದವರ ಜೊತೆಗೇ ಮಾತಾಡುತ್ತವೆ. ಹರ್ಜೋಗ್ ಚಿತ್ರದ ಪಿಶಾಚಿ ಸಾಯಲಾರದೆ ಬಳಲಿದವನು. ಎಗರ್ಸ್ ಚಿತ್ರದಲ್ಲಿ ಕಥೆಯ ಭಾರ ಹೆಣ್ಣಿನ ಮೇಲೆ ಬೀಳುತ್ತದೆ.

ಪ್ರಶ್ನೆ: 1931ರ 'ಡ್ರಾಕುಲಾ' ನೋಡುವಾಗ ನಿದ್ದೆ ಬರುತ್ತದೆ. ತಪ್ಪು ಯಾರದು?

ಉತ್ತರ: ಕಿವಿಯದು. ಆರಂಭದ ಶೀರ್ಷಿಕೆಯ ಹೊತ್ತಿನ ಸಂಗೀತ ಮತ್ತು ರಂಗಮಂದಿರದ ದೃಶ್ಯ ಬಿಟ್ಟರೆ ಅದರಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ ಎನ್ನಬೇಕು. ಎಡೆಬಿಡದ ಸದ್ದಿಗೆ ಒಗ್ಗಿದ ಕಿವಿಗೆ ಆ ಮೌನ ಖಾಲಿ ಅನ್ನಿಸುತ್ತದೆ. ಇದಕ್ಕೆ ರಿಮೇಕ್ ಒಂದೇ ಮದ್ದಲ್ಲ: ಫಿಲಿಪ್ ಗ್ಲಾಸ್ 1990ರ ದಶಕದ ಕೊನೆಗೆ ಅದೇ ಚಿತ್ರಕ್ಕೆ ತಂತಿವಾದ್ಯಗಳ ಸಂಗೀತ ಬರೆದರು. ಅದರೊಂದಿಗೆ ಒಮ್ಮೆ, ಇಲ್ಲದೆ ಒಮ್ಮೆ ನೋಡಿ. ಅದೇ ಸೆಟ್ಟಿನಲ್ಲಿ ರಾತ್ರಿಪಾಳಿಯಲ್ಲಿ ಬೇರೆ ತಂಡ ತೆಗೆದ ಸ್ಪ್ಯಾನಿಷ್ ಆವೃತ್ತಿಯೂ ಇದೆ. ಅದರ ಕ್ಯಾಮೆರಾ ಹೆಚ್ಚು ಚಲಿಸುತ್ತದೆ, ಆದರೆ ಅದರಲ್ಲಿ ಡ್ರಾಕುಲಾ ಆಗಿ ಬೇಲಾ ಲುಗೋಸಿ ಇಲ್ಲ.

ಪ್ರಶ್ನೆ: ಈಗ ಗ್ರಾಫಿಕ್ಸ್‌ನಲ್ಲಿ ಏನು ಬೇಕಾದರೂ ತೋರಿಸಬಹುದು. ಹಳೆಯವರು ತೋರಿಸಲಾಗದ್ದನ್ನು ತೋರಿಸುವುದೇ ರಿಮೇಕ್‌ನ ಲಾಭವಲ್ಲವೇ?

ಉತ್ತರ: ತೋರಿಸಲಾಗದ್ದು ಬೇರೆ, ತೋರಿಸಬಾರದೆಂದು ಬಿಟ್ಟದ್ದು ಬೇರೆ. ಎರಡನ್ನೂ ಒಂದೇ ಎಂದುಕೊಂಡ ರಿಮೇಕ್‌ಗಳೇ ಹೆಚ್ಚು ಸೋತಿರುವುದು.

ಶರ್ಲಿ ಜಾಕ್ಸನ್ ಅವರ 1959ರ ಕಾದಂಬರಿಯಿಂದ ರಾಬರ್ಟ್ ವೈಸ್ 1963ರಲ್ಲಿ 'ದ ಹಾಂಟಿಂಗ್' ತೆಗೆದರು. ಅದರಲ್ಲಿ ದೆವ್ವ ಒಂದೇ ಒಂದು ಸಲವೂ ಕಾಣುವುದಿಲ್ಲ. ಸದ್ದು ಇದೆ, ಗೋಡೆಯ ಮೇಲಿನ ಉಬ್ಬುಚಿತ್ರದಲ್ಲಿ ಮುಖವೊಂದು ಇದ್ದಹಾಗೆ ಅನ್ನಿಸುತ್ತದೆ, ಮುಚ್ಚಿದ ಬಾಗಿಲು ಒಳಮುಖವಾಗಿ ಉಬ್ಬುತ್ತದೆ. ಆ ಬಾಗಿಲು ಪದರ ಮರದ್ದು, ಆಚೆಯಿಂದ ಬಲವಾದ ಆಳೊಬ್ಬ ದೂಡಿದ್ದು, ಅಷ್ಟೇ. ಗೋಡೆಗಳು ಬಾಗಿದಂತೆ ಕಾಣಲೆಂದು ವೈಸ್, ಇನ್ನೂ ಸಿದ್ಧವಾಗಿರದ 30 ಮಿ.ಮೀ. ಪ್ಯಾನವಿಷನ್ ಲೆನ್ಸನ್ನು ಅದರ ದೋಷವೇ ಬೇಕೆಂದು ಕೇಳಿ ಪಡೆದರು. ದೆವ್ವ ಮನೆಯಲ್ಲಿದೆಯೋ ನಾಯಕಿಯ ತಲೆಯಲ್ಲಿದೆಯೋ ತಿಳಿಯದಿರುವುದೇ ಅಲ್ಲಿನ ಹೆದರಿಕೆ. 1999ರಲ್ಲಿ 8 ಕೋಟಿ ಡಾಲರ್ ಖರ್ಚಿನ ರಿಮೇಕ್ ಬಂತು. ವಿಗ್ರಹಗಳು ಕದಲಿದವು, ದೆವ್ವ ಗ್ರಾಫಿಕ್ಸ್‌ನಲ್ಲಿ ಎದ್ದು ನಿಂತಿತು. ಅದು ನಿಂತ ಕ್ಷಣವೇ ಆ ಅನುಮಾನ ಸತ್ತಿತು. ದುಡ್ಡು ಬಂತು, ಹೆಸರು ಬರಲಿಲ್ಲ.

ಕೈಯಲ್ಲಿ ಮಾಡಿದ ಗೊಂಬೆಗೂ ಗ್ರಾಫಿಕ್ಸ್‌ಗೂ ನಡುವಿನ ಜಗಳದಲ್ಲಿ ನಾವು ಪಕ್ಷ ವಹಿಸುವುದಿಲ್ಲ, ಆದರೆ ಒಂದು ಉದಾಹರಣೆ ಕೊಡಬಹುದು. 2011ರಲ್ಲಿ ಬಂದ 'ದ ಥಿಂಗ್'ನ ಪೂರ್ವಕಥೆಗೆ ಯಾಂತ್ರಿಕ ಗೊಂಬೆಗಳನ್ನು ನಿಜಕ್ಕೂ ತಯಾರಿಸಿ ಚಿತ್ರೀಕರಿಸಿದ್ದರು. ಆಮೇಲೆ ಬಹುಪಾಲನ್ನು ಗ್ರಾಫಿಕ್ಸ್‌ನಿಂದ ಮುಚ್ಚಿದರು. ನಟರ ಮುಖಕ್ಕೆ ಬೀಳುವ ಬೆಳಕು ಒಂದು ವಸ್ತುವಿನದು, ತೆರೆಯ ಮೇಲಿರುವುದು ಇನ್ನೊಂದು. ಕಾರಣ ಹೇಳಲು ಬಾರದ ಪ್ರೇಕ್ಷಕನಿಗೂ ಎಲ್ಲೋ ಕೂಡಿಬರಲಿಲ್ಲ ಎನ್ನುವುದು ತಿಳಿಯುತ್ತದೆ.

ತೋರಿಸಿ ಗೆದ್ದದ್ದೂ ಉಂಟು. 1958ರ 'ದ ಫ್ಲೈ'ನಲ್ಲಿ ವಿಜ್ಞಾನಿಗೆ ನೊಣದ ತಲೆ ಒಮ್ಮೆಗೇ ಬಂದುಬಿಡುತ್ತದೆ, ಅದರ ಮೇಲಿನ ಬಟ್ಟೆ ಸರಿಸುವುದೇ ಚಿತ್ರದ ದೊಡ್ಡ ಘಟ್ಟ. 1986ರದ್ದರಲ್ಲಿ ಅವನು ಹಂತ ಹಂತವಾಗಿ ಬದಲಾಗುತ್ತಾನೆ: ಮೊದಲು ಹುರುಪು, ಆಮೇಲೆ ಬೆನ್ನಿನಲ್ಲಿ ಒರಟು ಕೂದಲು, ಕಳಚುವ ಉಗುರು, ಉದುರುವ ಕಿವಿ. ನೋಡುವವರಿಗೆ ನೊಣ ಮರೆತು ಗುಣವಾಗದ ಕಾಯಿಲೆ ನೆನಪಾಗುತ್ತದೆ. ಆ ಮೇಕಪ್ಪಿಗೆ ಆಸ್ಕರ್ ಬಂತು. ಅಲ್ಲಿ ತೋರಿಸುವುದಕ್ಕೆ ಅರ್ಥವಿತ್ತು.

ಪ್ರಶ್ನೆ: ಮೊಬೈಲ್ ಫೋನ್ ಬಂದ ಮೇಲೆ ಹಳೆಯ ಕಥೆಗಳೇ ನಿಲ್ಲುವುದಿಲ್ಲ. ಏನು ಮಾಡಬೇಕು?

ಉತ್ತರ: "ಇಲ್ಲಿ ನೆಟ್‌ವರ್ಕ್ ಇಲ್ಲ" ಎಂಬ ಮಾತು ಬರೆದರೆ ಪ್ರೇಕ್ಷಕ ಅಲ್ಲೇ ಆಕಳಿಸುತ್ತಾನೆ. ಮೂರು ದಾರಿ ಇವೆ. ಕಥೆಯನ್ನು ಹಳೆಯ ಕಾಲದಲ್ಲೇ ಇಡುವುದು. ಫೋನ್ ಹೋಗುತ್ತದೆ, ಎತ್ತುತ್ತಾರೆ, ಆದರೆ ನಂಬುವುದಿಲ್ಲ ಎಂದು ಮಾಡುವುದು. ಅಥವಾ ಆ ಯಂತ್ರದಿಂದಲೇ ಅಪಾಯ ತರುವುದು. 2020ರ 'ದಿ ಇನ್ವಿಸಿಬಲ್ ಮ್ಯಾನ್' ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಬಳಸಿತು. 1933ರ ಚಿತ್ರ ಕಾಣದ ಮನುಷ್ಯನ ಕಥೆ, ಇದು ಅವನಿಂದ ತಪ್ಪಿಸಿಕೊಂಡ ಹೆಣ್ಣಿನ ಕಥೆ. ಆಕೆಯ ಹೆಸರಿನಲ್ಲಿ ಅವನೇ ಮಿಂಚಂಚೆ ಕಳಿಸಿ ನೆಂಟರನ್ನು ದೂರ ಮಾಡುತ್ತಾನೆ. ಅವನಿದ್ದಾನೆ ಎಂದರೆ ಯಾರೂ ನಂಬುವುದಿಲ್ಲ. ನಿರ್ದೇಶಕ ಲೀ ವಾನೆಲ್ ಕ್ಯಾಮೆರಾವನ್ನು ಖಾಲಿ ಮೂಲೆಯ ಕಡೆ ತಿರುಗಿಸಿ ಸುಮ್ಮನೆ ನಿಲ್ಲಿಸಿದರು, ಅಲ್ಲಿ ಏನೂ ಇಲ್ಲ. ಪ್ರೇಕ್ಷಕರು ಮಾತ್ರ ಆ ಮೂಲೆ ಬಿಟ್ಟು ಕಣ್ಣು ತೆಗೆಯಲಿಲ್ಲ. 70 ಲಕ್ಷ ಡಾಲರಿನ ಚಿತ್ರ ಅದು, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ.

ಪ್ರಶ್ನೆ: ಒಂದು ಭಾಷೆಯ ದೆವ್ವವನ್ನು ಇನ್ನೊಂದು ಭಾಷೆಗೆ ತರುವಾಗ ಏನನ್ನು ಬದಲಿಸಬೇಕು, ಏನನ್ನು ಬಿಡಬಾರದು?

ಉತ್ತರ: ಇದಕ್ಕೆ ಉತ್ತಮ ಪಾಠ ಕನ್ನಡಿಗರಿಗೆಲ್ಲ ಗೊತ್ತಿರುವ ಚಿತ್ರದಲ್ಲೇ ಇದೆ. ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್' (1993) ಕನ್ನಡದಲ್ಲಿ 'ಆಪ್ತಮಿತ್ರ' (2004), ತಮಿಳಿನಲ್ಲಿ 'ಚಂದ್ರಮುಖಿ' (2005), ಹಿಂದಿಯಲ್ಲಿ 'ಭೂಲ್ ಭುಲೈಯಾ' (2007) ಆಯಿತು. ಮೂಲದಲ್ಲಿ ಮಲಯಾಳಂ ಆಡುವ ಹೆಂಡತಿ ನಾಗವಲ್ಲಿಯಾದಾಗ ತಮಿಳು ಮಾತಾಡುತ್ತಾಳೆ. ಅದನ್ನು ಹಾಗೇ ಕನ್ನಡಕ್ಕೆ ತಂದಿದ್ದರೆ ಒಂದು ಲೆಕ್ಕ, ತಮಿಳಿಗೆ ತಂದಿದ್ದರೆ ಅರ್ಥವೇ ಇರುತ್ತಿರಲಿಲ್ಲ. ಪಿ. ವಾಸು ಕನ್ನಡದಲ್ಲೂ ತಮಿಳಿನಲ್ಲೂ ಆ ನರ್ತಕಿಯನ್ನು ತೆಲುಗಿನವಳಾಗಿಸಿದರು. ಹಿಂದಿಯಲ್ಲಿ ಪ್ರಿಯದರ್ಶನ್ ಬಂಗಾಳಿ ಮಾತಾಡಿಸಿದರು. ಭಾಷೆ ಬದಲಾಯಿತು, ಅದರ ಹಿಂದಿನ ಯುಕ್ತಿ ಬದಲಾಗಲಿಲ್ಲ: ಪರಿಚಿತ ಬಾಯಿಂದ ಪಕ್ಕದ ನಾಡಿನ ಮಾತು, ಪೂರ್ತಿ ಅರ್ಥವಾಗದು, ಪೂರ್ತಿ ಅಪರಿಚಿತವೂ ಅಲ್ಲ. ಸೌಂದರ್ಯ "ರಾ ರಾ" ಎಂದು ಕರೆದಾಗ ಮೈ ಜುಮ್ಮೆಂದದ್ದು ಆ ಅರೆಬರೆ ಅರ್ಥದಿಂದಲೇ.

ಬದಲಾವಣೆಗೆ ಬೆಲೆಯೂ ಇತ್ತು. ಮೂಲದಲ್ಲಿ ಮನೋವೈದ್ಯ ಕಥೆಯ ನಡುವಿಗೆ ಬರುತ್ತಾನೆ, ಅಷ್ಟರಲ್ಲಿ ಮನೆ, ಮನೆಯವರು, ಬೀಗ ಹಾಕಿದ ಕೋಣೆ ಎಲ್ಲ ನಮ್ಮೊಳಗೆ ಇಳಿದಿರುತ್ತವೆ. 'ಚಂದ್ರಮುಖಿ'ಯಲ್ಲಿ ನಾಯಕ ಆರಂಭದಲ್ಲೇ ಹಾಡು ಹೊಡೆದಾಟಗಳೊಂದಿಗೆ ಬರುತ್ತಾನೆ. ಎಲ್ಲವನ್ನೂ ಸಂಭಾಳಿಸುವವನು ಮನೆಯಲ್ಲೇ ಇದ್ದಾನೆ ಎಂದ ಮೇಲೆ ಕತ್ತಲೆಗೆ ಹೆದರುವುದು ಕಷ್ಟ. ಚಿತ್ರ ಭರ್ಜರಿಯಾಗಿ ಓಡಿತು ನಿಜ, ಓಡಿದ್ದು ಹೆದರಿಕೆಯಿಂದ ಅಲ್ಲ.

ಜಪಾನಿನ 'ರಿಂಗು' (1998) ಅಮೆರಿಕದಲ್ಲಿ 'ದ ರಿಂಗ್' (2002) ಆದಾಗಲೂ ಯುಕ್ತಿ ಉಳಿಯಿತು: ಕ್ಯಾಸೆಟ್ ನೋಡಿದರೆ ಏಳು ದಿನಕ್ಕೆ ಸಾವು, ಪ್ರತಿ ಮಾಡಿ ಇನ್ನೊಬ್ಬರಿಗೆ ದಾಟಿಸಿದರೆ ಪಾರು. ಕ್ಯಾಸೆಟ್ ಎಲ್ಲ ದೇಶದಲ್ಲೂ ಇತ್ತು, ಆದ್ದರಿಂದ ಕಥೆ ಬೇರು ಬಿಟ್ಟಿತು. 2017ರಲ್ಲಿ ಬಂದ ಮುಂದಿನ ಭಾಗದಲ್ಲಿ ಆ ಕ್ಯಾಸೆಟ್ಟನ್ನು ಕಂಪ್ಯೂಟರ್ ಫೈಲ್ ಮಾಡಿದರು. ಫೈಲ್ ಪ್ರತಿ ಮಾಡಲು ಕ್ಷಣ ಸಾಕು, ಶ್ರಮವಿಲ್ಲ, ಪಾಪಪ್ರಜ್ಞೆಗೆ ಸಮಯವೂ ಇಲ್ಲ. ಎರಡು ಯಂತ್ರ ಜೋಡಿಸಿ ಟೇಪ್ ಓಡುವವರೆಗೂ ಕಾಯುವ ಆ ನಿಮಿಷಗಳೇ ಕಥೆಯ ಜೀವವಾಗಿದ್ದವು.

ಪ್ರಶ್ನೆ: ಕೊಲೆಗಾರನ ಬಾಲ್ಯ ತೋರಿಸಿದರೆ ಪಾತ್ರಕ್ಕೆ ಆಳ ಬರುವುದಿಲ್ಲವೇ?

ಉತ್ತರ: ಪಾತ್ರಕ್ಕೆ ಬರಬಹುದು, ಹೆದರಿಕೆಗೆ ಬರುವುದಿಲ್ಲ. 1978ರ 'ಹ್ಯಾಲೋವೀನ್'ನಲ್ಲಿ ಆರು ವರ್ಷದ ಹುಡುಗ ಅಕ್ಕನನ್ನು ಕೊಲ್ಲುತ್ತಾನೆ, ಏಕೆಂದು ಯಾರೂ ಹೇಳುವುದಿಲ್ಲ. ಮುಖವಾಡ ತೊಟ್ಟ ಆ ಪಾತ್ರಕ್ಕೆ ಚಿತ್ರದ ಹೆಸರುಪಟ್ಟಿಯಲ್ಲಿ 'ದ ಶೇಪ್' ಎಂದಷ್ಟೇ ಇದೆ, ಬರೀ ಒಂದು ಆಕಾರ. 2007ರ ರಿಮೇಕ್ ಅವನ ಕೆಟ್ಟ ಮನೆ, ಶಾಲೆ, ಆಸ್ಪತ್ರೆಗಳಿಗೆ ಬಹಳ ಹೊತ್ತು ಕೊಟ್ಟಿತು. ಕಾರಣ ಗೊತ್ತಾದ ಮೇಲೆ ಅವನೊಂದು ಕೇಸು.

ಪ್ರಶ್ನೆ: ಹಳೆಯ ಹಾರರ್ ಚಿತ್ರವೊಂದನ್ನು 15 ನಿಮಿಷದ ಕಿರುಚಿತ್ರವಾಗಿ ಮರುಸೃಷ್ಟಿಸಬೇಕೆಂದಿದ್ದೇವೆ. ದುಡ್ಡಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹಕ್ಕಿನಿಂದ. ಚಿತ್ರದ ಹಕ್ಕು ಬೇರೆ, ಅದು ಆಧರಿಸಿದ ಕಥೆಯ ಹಕ್ಕು ಬೇರೆ. ಭಾರತದಲ್ಲಿ ಸಿನಿಮಾಕ್ಕೆ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ, ಸಾಹಿತ್ಯಕ್ಕೆ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ. ಅಮೆರಿಕದಲ್ಲಿ 1978ಕ್ಕೆ ಮೊದಲು ಪ್ರಕಟವಾದ ಕೃತಿಗಳಿಗೆ ಸಾಮಾನ್ಯವಾಗಿ 95 ವರ್ಷ. ಚಿತ್ರದ ಅವಧಿ ಮುಗಿದಿದ್ದರೂ ಕಾದಂಬರಿಯದು ಉಳಿದಿರಬಹುದು. ಅನುಮತಿ ಕೇಳದೆ ಹೆಸರು ಬದಲಿಸಿದರೆ ಸಾಕು ಎಂದುಕೊಂಡವರಿಗೆ 'ನೊಸ್ಫೆರಾಟು'ವೇ ಎಚ್ಚರಿಕೆ. ಡ್ರಾಕುಲಾನನ್ನು ಓರ್ಲಾಕ್ ಎಂದು ಕರೆದರೂ 'ಡ್ರಾಕುಲಾ' ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಅವರ ಪತ್ನಿ ದಾವೆ ಹೂಡಿ ಗೆದ್ದರು, ಎಲ್ಲ ಪ್ರತಿಗಳನ್ನೂ ನಾಶಮಾಡಲು 1925ರಲ್ಲಿ ಆದೇಶವಾಯಿತು. ಅಲ್ಲಲ್ಲಿ ಉಳಿದ ಪ್ರಿಂಟುಗಳಿಂದ ಚಿತ್ರ ಬದುಕಿದ್ದು ಅದೃಷ್ಟ. ಇದಕ್ಕೆ ತಿರುಗುಮುರುಗಾಗಿ, 'ನೈಟ್ ಆಫ್ ದ ಲಿವಿಂಗ್ ಡೆಡ್' (1968) ಹೆಸರು ಬದಲಾಯಿಸುವಾಗ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಗಿ, ಬಿಡುಗಡೆಯಾದ ದಿನದಿಂದಲೇ ಅಮೆರಿಕದಲ್ಲಿ ಎಲ್ಲರ ಸ್ವತ್ತಾಯಿತು.

ಆಮೇಲೆ ಮೂಲವನ್ನು ಮೂರು ಸಲ ನೋಡಿ. ಮೊದಲ ಸಲ ಸದ್ದಿಲ್ಲದೆ, ಎರಡನೇ ಸಲ ಚಿತ್ರ ಮುಚ್ಚಿ ಬರೀ ಸದ್ದು, ಮೂರನೇ ಸಲ ಕೈಯಲ್ಲಿ ಗಡಿಯಾರ. ಪ್ರತಿ ಹೆದರಿಕೆಯ ಘಟ್ಟಕ್ಕೂ ಬರೆದಿಡಿ: ಯಾವ ನಿಮಿಷ, ಅಪಾಯ ಯಾರಿಗೆ ಗೊತ್ತಿದೆ (ಪಾತ್ರಕ್ಕೋ, ಪ್ರೇಕ್ಷಕನಿಗೋ, ಇಬ್ಬರಿಗೂ ಇಲ್ಲವೋ), ಮೊದಲು ಬಂದದ್ದು ಸದ್ದೋ ಚಿತ್ರವೋ. ಈ ಪಟ್ಟಿಯಿಂದ ಒಂದೇ ಒಂದು ಘಟ್ಟ ಆರಿಸಿ. 15 ನಿಮಿಷಕ್ಕೆ ಒಂದು ಸಾಕು. ಮೂರು ತುರುಕಿದರೆ ಮೂರೂ ಸಾಯುತ್ತವೆ.

ದುಡ್ಡಿಲ್ಲದವರಿಗೆ ಒಂದು ಅಗ್ಗದ ಉಪಾಯ 'ರಿಂಗು'ವಿನಿಂದಲೇ. ಬಾವಿಯಿಂದ ಎದ್ದು ಬರುವ ದೆವ್ವ ಸದಾಕೊಳ ನಡಿಗೆ ಅಷ್ಟು ವಿಚಿತ್ರವಾಗಿರಲು ಕಾರಣ, ನಟಿ ಹಿಮ್ಮುಖವಾಗಿ ನಡೆದದ್ದನ್ನು ತಿರುಗಿಸಿ ಓಡಿಸಿದ್ದು. ನೀವು ಮಾಡುವುದಾದರೆ ನಟಿ ಕ್ಯಾಮೆರಾದ ಹತ್ತಿರದಿಂದ ಶುರುಮಾಡಿ ಹಿಂದಕ್ಕೆ ಹೆಜ್ಜೆ ಇಡಬೇಕು, ತಿರುಗಿಸಿದಾಗ ಎದುರಿಗೆ ಬರುತ್ತಾಳೆ. ನೆಲದಲ್ಲಿ ಟೇಪ್ ಅಂಟಿಸಿ ದಾರಿ ಗುರುತಿಸಿ, ತಿರುಗಿ ನೋಡಿದರೆ ಶಾಟ್ ಹಾಳು. ಚೌಕಟ್ಟಿನಲ್ಲಿ ಹೊಗೆ, ತೊಟ್ಟಿಕ್ಕುವ ನೀರು, ಗಾಳಿಗೆ ಆಡುವ ಪರದೆ, ಸೆಕೆಂಡ್ ಮುಳ್ಳಿನ ಗಡಿಯಾರ ಇರಬಾರದು, ಗುಟ್ಟು ಬಿಟ್ಟುಕೊಡುತ್ತವೆ. ಹತ್ತು ಸೆಕೆಂಡಿಗಿಂತ ಹೆಚ್ಚು ತೋರಿಸಬೇಡಿ, ಕಣ್ಣು ಲೆಕ್ಕ ಹಾಕಿಬಿಡುತ್ತದೆ. ಹೆಜ್ಜೆ ಸದ್ದನ್ನು ಬೇರೆಯಾಗಿ ಧ್ವನಿಮುದ್ರಿಸಿ, ಪಾದಕ್ಕೆ ಸರಿಯಾಗಿ ಕೂರಿಸದೆ ತುಸು ತಡವಾಗಿ ಬರಲಿ.

ರಕ್ತ ಬೇಕೇ ಬೇಕಾದರೆ: ಒಂದು ಕಪ್ ಕಾರ್ನ್ ಸಿರಪ್ (ಗಟ್ಟಿ ಸಕ್ಕರೆ ಪಾಕವೂ ಆದೀತು), ಎರಡು ದೊಡ್ಡ ಚಮಚ ನೀರಿನಲ್ಲಿ ಕದಡಿದ ಒಂದು ಸಣ್ಣ ಚಮಚ ಕೋಕೋ ಪುಡಿ, ಒಂದು ದೊಡ್ಡ ಚಮಚ ಕೆಂಪು ಆಹಾರ ಬಣ್ಣ, ಒಂದೆರಡು ಹನಿ ಹಸಿರು. ಕೋಕೋವನ್ನು ನೇರವಾಗಿ ಪಾಕಕ್ಕೆ ಸುರಿದರೆ ಗಂಟು ಕಟ್ಟುತ್ತದೆ. ಕೋಕೋ ಹಾಕದೇ ಬಿಟ್ಟರೆ ರಕ್ತ ಪಾರದರ್ಶಕವಾಗಿ ಶರಬತ್ತಿನಂತೆ ಕಾಣುತ್ತದೆ. ಹಸಿರು ಇಲ್ಲದಿದ್ದರೆ ಬಿಳಿ ಎಲ್‌ಇಡಿ ಬೆಳಕಿನಲ್ಲಿ ಗುಲಾಬಿಗೆ ತಿರುಗಬಹುದು, ಆದ್ದರಿಂದ ಯಾವ ದೀಪದಲ್ಲಿ ಚಿತ್ರೀಕರಿಸುತ್ತೀರೋ ಅದೇ ದೀಪದ ಕೆಳಗೆ ಕ್ಯಾಮೆರಾದಲ್ಲೇ ನೋಡಿ ಬಣ್ಣ ಹೊಂದಿಸಿ. ಬಟ್ಟೆಯ ಕಲೆ ಹೋಗದು, ಒಂದೇ ಬಗೆಯ ಅಂಗಿ ಎರಡು ಮೂರು ಇರಲಿ. ಒಣಗಿದರೆ ಅಂಟು, ಹೊತ್ತಾದರೆ ಇರುವೆ.

ಸದ್ದಿನ ಮಾತು. ಬೆಚ್ಚಿಬೀಳಿಸಲು ಜೋರು ಸದ್ದು ಸಾಲದು, ಅದಕ್ಕೆ ಮೊದಲಿನ ಇಳಿತ ಬೇಕು. ಘಟ್ಟಕ್ಕೆ ನಾಲ್ಕೈದು ಸೆಕೆಂಡ್ ಇರುವಾಗ ಫ್ಯಾನು, ಗಾಳಿ, ಕೀಟಗಳ ಸದ್ದನ್ನು ಮೆಲ್ಲಗೆ ಇಳಿಸಿ. ಒಮ್ಮೆಗೇ ಕತ್ತರಿಸಿದರೆ ಪ್ರೇಕ್ಷಕ ಎಚ್ಚೆತ್ತುಕೊಳ್ಳುತ್ತಾನೆ. ಬರುವ ಸದ್ದು ಕಥೆಯ ಒಳಗಿನದಾದರೆ ಉತ್ತಮ. 1942ರ 'ಕ್ಯಾಟ್ ಪೀಪಲ್'ನಲ್ಲಿ ರಾತ್ರಿ ಒಂಟಿಯಾಗಿ ನಡೆಯುವ ಹೆಣ್ಣನ್ನೂ ನಮ್ಮನ್ನೂ ಒಟ್ಟಿಗೆ ಬೆಚ್ಚಿಬೀಳಿಸುವುದು ಬಂದು ನಿಲ್ಲುವ ಬಸ್ಸಿನ ಬುಸ್ಸೆನ್ನುವ ಸದ್ದು, ಮೃಗದ್ದಲ್ಲ. ಇಂಥ ತಂತ್ರಕ್ಕೆ ಚಿತ್ರರಂಗದವರು ಇವತ್ತಿಗೂ ಆ ಚಿತ್ರದ ನಿರ್ಮಾಪಕ ವಾಲ್ ಲ್ಯೂಟನ್ ಹೆಸರಿನಲ್ಲಿ 'ಲ್ಯೂಟನ್ ಬಸ್' ಎನ್ನುತ್ತಾರೆ. ಒಂದು ಚಿತ್ರಕ್ಕೆ ಒಂದು ಬಸ್ಸು ಸಾಕು.

ಪ್ರಶ್ನೆ: ಮೂಲ ಮೊದಲೋ, ರಿಮೇಕ್ ಮೊದಲೋ?

ಉತ್ತರ: ಗುಟ್ಟಿನ ಮೇಲೆ ನಿಂತ ಕಥೆಯಾದರೆ ಮೂಲ ಮೊದಲು. ವಾತಾವರಣದ ಮೇಲೆ ನಿಂತದ್ದಾದರೆ ಯಾವುದಾದರೂ ಆದೀತು. 1977ರ 'ಸಸ್ಪಿರಿಯಾ'ವನ್ನೂ 2018ರದ್ದನ್ನೂ ಹೇಗೆ ಅದಲು ಬದಲು ಮಾಡಿ ನೋಡಿದರೂ ನಷ್ಟವಿಲ್ಲ. ಡಾರಿಯೋ ಅರ್ಜೆಂಟೊ ಚಿತ್ರ 98 ನಿಮಿಷ, ಟೆಕ್ನಿಕಲರ್ ಮುದ್ರಣದಿಂದ ಬಂದ ಕಡುಗೆಂಪು, ಕಡುನೀಲಿ. ಲೂಕಾ ಗ್ವಾಡನೀನೊ ಚಿತ್ರ 152 ನಿಮಿಷ, ಬೂದು, ಕಂದು, ಮಳೆ. ಹೆಸರು ಮತ್ತು ನೃತ್ಯಶಾಲೆ ಬಿಟ್ಟರೆ ಒಂದರ ಮೈಗೆ ಇನ್ನೊಂದು ತಾಗುವುದಿಲ್ಲ.

ಪ್ರಶ್ನೆ: ನಿಮ್ಮನ್ನು ಕೇಳಿದರೆ ಯಾವ ಚಿತ್ರಕ್ಕೆ ರಿಮೇಕ್ ಬೇಕು?

ಉತ್ತರ: ಪೋಸ್ಟರ್ ನೋಡಿ ಬೆಚ್ಚಿ, ಒಳಗೆ ಹೋಗಿ ನಿರಾಶರಾಗಿ ಬಂದ ಚಿತ್ರಕ್ಕೆ. ನಿರ್ಮಾಪಕರು ಹಕ್ಕು ಕೊಳ್ಳುವುದು ಹೆಸರಿಗಾಗಿ, ಹೆಸರಿರುವುದು ಗೆದ್ದ ಚಿತ್ರಕ್ಕೆ, ಆದ್ದರಿಂದ ಮುಟ್ಟಬಾರದ್ದನ್ನೇ ಮತ್ತೆ ಮತ್ತೆ ಮುಟ್ಟುತ್ತಾರೆ. ಅಪರೂಪಕ್ಕೆ ಅದೂ ದಡ ಸೇರುತ್ತದೆ: 1974ರ 'ಟೆಕ್ಸಸ್ ಚೈನ್ ಸಾ ಮ್ಯಾಸಕರ್'ನ 2003ರ ರಿಮೇಕ್‌ಗೆ ಮೂಲದ ಛಾಯಾಗ್ರಾಹಕ ಡೇನಿಯಲ್ ಪರ್ಲ್ ಅವರನ್ನೇ ಕರೆಸಿದರು. ಅವರು 16 ಮಿ.ಮೀ. ಕ್ಯಾಮೆರಾದ ಆ ಒರಟು ನೋಟವನ್ನು ಮತ್ತೆ ಬೆನ್ನುಹತ್ತಲಿಲ್ಲ, ಬೇರೆಯೇ ಬೆಳಕು ಕಟ್ಟಿದರು. ಖರ್ಚು 1 ಕೋಟಿ ಡಾಲರ್‌ಗಿಂತ ಕಡಿಮೆ, ಗಳಿಕೆ 10 ಕೋಟಿ ದಾಟಿತು. ಆ ಲೆಕ್ಕ ನೋಡಿದ ಮೇಲೆ ಮುಂದಿನ ಕೆಲವು ವರ್ಷ ಹಾಲಿವುಡ್‌ನಲ್ಲಿ 70, 80ರ ದಶಕಗಳ ಹೆಸರಾಂತ ಹಾರರ್ ಚಿತ್ರಗಳಲ್ಲಿ ರಿಮೇಕ್ ಆಗದೇ ಉಳಿದದ್ದು ಕಡಿಮೆ.